ಬೀದಿಯ ಪಾನಗೃಹವೂ ಮನೆಯ ಜಗಲಿಯೂ

ಪಾನಗೃಹದ ಮಾತನ್ನು ಕುಟುಂಬದ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಆದರೆ ಮನೆಯ ಯಜಮಾನನು ಸಂಜೆಯ ಹೊತ್ತು ಎಲ್ಲಿ ಕುಳಿತುಕೊಳ್ಳುತ್ತಾನೆಂಬುದು ಮನೆಯ ವಿಚಾರವೇ ಆಗಿರುವುದರಿಂದ, ಅದನ್ನು ಮುಚ್ಚಿಡುವುದಕ್ಕಿಂತ ವಿಮರ್ಶಿಸುವುದೇ ಮೇಲು.

ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿಯೂ ಬಂಗಾರಪೇಟೆಯಲ್ಲಿಯೂ ಸಣ್ಣ ಬಾರುಗಳುಂಟು. ಅಲ್ಲಿ ಅಲಂಕಾರವಿಲ್ಲ, ನಾಲ್ಕಾರು ಮೇಜು, ಹಳೆಯ ಕುರ್ಚಿಗಳು, ತಟ್ಟೆಯಲ್ಲಿ ಒಂದು ಹಿಡಿ ಕಡಲೆಕಾಯಿ, ಇಷ್ಟೇ. ಇವುಗಳ ಆಕರ್ಷಣೆಯೆಲ್ಲವೂ ಮದ್ಯದಲ್ಲಿಯೇ ಇದೆಯೆಂದು ತಿಳಿಯುವವರು ಅರ್ಧವನ್ನು ಮಾತ್ರ ಕಂಡವರು. ಬೆಳಕು, ಆಸನ, ಗುರುತಿನ ಮುಖ, ಲೆಕ್ಕ ಕೇಳದ ಅರ್ಧ ಗಂಟೆ, ಇವೂ ಅಲ್ಲಿ ಮಾರಾಟಕ್ಕಿವೆ.

ಊರಿನ ಚರಿತ್ರೆಯನ್ನು ನೋಡಿದರೆ ಇದರ ಕಾರಣವು ಗೋಚರಿಸುವುದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಯ ಕೆಲಸವನ್ನು ವಹಿಸಿಕೊಂಡ ಮೇಲೆ, ಆರ್ಕಾಟು ಸೀಮೆ ಮೊದಲಾದೆಡೆಗಳಿಂದ ಸಾವಿರಾರು ಕೂಲಿಗಾರರು ಬಂದು ಇಕ್ಕಟ್ಟಾದ ಸಾಲುಮನೆಗಳಲ್ಲಿ ನೆಲಸಿದರು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 3,000 ಮೀಟರಿಗಿಂತಲೂ ಆಳಕ್ಕಿಳಿಯಿತು. ಅಲ್ಲಿನ ಕಾವಿನಲ್ಲಿ ಬಂಡೆಯನ್ನು ಕೊರೆದು ಮೇಲೆ ಬಂದವನಿಗೆ ಮನೆಯಲ್ಲಿ ಕಾಲು ಚಾಚಲು ಸ್ಥಳವಿರಲಿಲ್ಲ. ಆಂಗ್ಲ ಅಧಿಕಾರಿಗಳಿಗೆ ಕ್ಲಬ್ಬೂ ಗಾಲ್ಫ್ ಮೈದಾನವೂ ಇದ್ದುವು. ಕೂಲಿಗಾರನಿಗೆ ಹೆಂಡದಂಗಡಿಯೇ ಕ್ಲಬ್ಬು. ಒಬ್ಬನು ಕುಡಿದರೆ ವಿನೋದ, ಇನ್ನೊಬ್ಬನು ಕುಡಿದರೆ ದುರ್ವ್ಯಸನ ಎಂಬುದು ಲೋಕದ ನ್ಯಾಯ.

2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಈಗ ಅಲ್ಲಿನ ಎಷ್ಟೋ ಮಂದಿ, 1894ರಲ್ಲಿ ಹಾಕಿದ ಮಾರಿಕುಪ್ಪದ ರೈಲುದಾರಿಯಿಂದಲೇ ನಸುಕಿನಲ್ಲಿ ಹೊರಟು, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮರಳುತ್ತಾರೆ. 2007ನೆಯ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಆದರೆ ದಣಿದವನಿಗೆ ಒಂದೆಡೆ ಕುಳಿತುಕೊಳ್ಳಬೇಕೆಂಬ ಆಸೆಯನ್ನು ಯಾವ ಶಾಸನವು ನಿಷೇಧಿಸಬಲ್ಲದು?

ಕೌಟಿಲ್ಯನು ಈ ಮರ್ಮವನ್ನು ಬಲ್ಲವನು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆ ಒಂದು ಅಧ್ಯಾಯವೇ ಮೀಸಲು. ಪಾನಾಗಾರದಲ್ಲಿ ಹಲವು ಕೋಣೆಗಳೂ ಬೇರೆಬೇರೆ ಆಸನಗಳೂ ಗಂಧ, ಮಾಲೆ, ನೀರುಗಳೂ ಇರಬೇಕು. ಋತುವಿಗೆ ತಕ್ಕ ಸೌಖ್ಯವಿರಬೇಕು ಎಂದು ಆತನ ವಿಧಿ. ಅದರೊಡನೆಯೇ, ಬಂದವರ ವ್ಯಯವು ಸಹಜವೋ ಅಸಹಜವೋ ಎಂಬುದನ್ನು ಗೂಢಚಾರರು ಅರಿಯಬೇಕೆಂದೂ ಹೇಳಿದ್ದಾನೆ. ನಮ್ಮ ಬೀದಿಯ ಬಾರಿನಲ್ಲಿ ಆ ಕೆಲಸವನ್ನು ನೆರೆಯವರೇ ಮಾಡುತ್ತಾರೆ. ಗುರುತಿನ ಕಣ್ಣುಗಳ ಮುಂದೆ ಕುಡಿಯುವವನಿಗೆ ಸ್ವಲ್ಪ ಲಜ್ಜೆಯಾದರೂ ಉಂಟು. ಮರೆಯಲ್ಲಿ ಕುಡಿಯುವವನಿಗೆ ಅದೂ ಇಲ್ಲ.

ಇಷ್ಟರಿಂದ ಮದ್ಯವನ್ನು ಸ್ತುತಿಸಿದಂತಾಗಲಿಲ್ಲ. ಅಗ್ಗವೆಂಬ ಮಾತು ಗಂಡಸಿನ ಜೇಬಿಗೆ ಸಲ್ಲುವುದೇ ಹೊರತು ಅಡಿಗೆಮನೆಯ ಅಕ್ಕಿಡಬ್ಬಿಗೆ ಸಲ್ಲುವುದಿಲ್ಲ. ದಿನದಿನವೂ ಜಾರಿದ ಸಣ್ಣ ಹಣವು ತಿಂಗಳ ಕೊನೆಗೆ ಮಗುವಿನ ಶಾಲೆಯ ಶುಲ್ಕದಷ್ಟಾಗಿರುತ್ತದೆ. ಅಲ್ಲದೆ ಗಂಡನಷ್ಟೇ ದಣಿದ ಗೃಹಿಣಿಗೆ ಆ ಅರ್ಧ ಗಂಟೆಯ ಆಸನವು ಊರಿನಲ್ಲಿ ಎಲ್ಲಿದೆ? ಇದನ್ನು ಯಾರೂ ಕೇಳುವುದಿಲ್ಲ.

ಆದಕಾರಣ ಬರಿಯ ನಿಂದೆಯಿಂದ ಪ್ರಯೋಜನವಿಲ್ಲ. ಹಿಂದಿನ ಮನೆಗಳಿಗೆ ಜಗಲಿಯಿತ್ತು. ಅಲ್ಲಿ ಕುಳಿತವನನ್ನು ಬೀದಿಯೇ ಮಾತನಾಡಿಸುತ್ತಿತ್ತು. ಈಗಿನ ಬಾಡಿಗೆಮನೆಗೆ ಅದಿಲ್ಲ. ರಾತ್ರಿ ಒಂಬತ್ತರವರೆಗೆ ತೆರೆದಿರುವ ಒಂದು ವಾಚನಾಲಯವನ್ನೂ ಅದರ ಮುಂದೆ ಗಂಡಸರಿಗೂ ಹೆಂಗಸರಿಗೂ ಒಂದೊಂದು ಕಲ್ಲುಬೆಂಚನ್ನೂ ಪುರಸಭೆಯವರು ಏರ್ಪಡಿಸಲಿ. ಮನೆಯವರಾದರೋ, ದುಡಿದು ಬಂದವರು ಗಂಡನಾಗಲಿ ಹೆಂಡತಿಯಾಗಲಿ, ಮೊದಲು ಒಂದು ಲೋಟ ಕಾಫಿಯನ್ನು ಕೊಟ್ಟು, ಸಾಲದ ಮಾತನ್ನು ಆಮೇಲೆ ಎತ್ತಲಿ. ಬಾರಿನ ಮಾಲೀಕನು ಈ ಕ್ರಮವನ್ನು ಎಂದೋ ಕಲಿತಿದ್ದಾನೆ.