ನಲ್ಲಿ ವಾಷರ್‌ಗೆ 10 ರೂಪಾಯಿ, ಪ್ಲಂಬರ್‌ಗೆ 300: ಮನೆ ರಿಪೇರಿ ಲೆಕ್ಕ ನಿಜಕ್ಕೂ ತಪ್ಪುವುದೆಲ್ಲಿ?

ಅಡುಗೆಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ, ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ 10 ರೂಪಾಯಿ ಆಸುಪಾಸು. ಅದನ್ನು ಹಾಕಿಕೊಡಲು ಮುಂಬೈ, ಪುಣೆಯಂಥ ನಗರಗಳಲ್ಲಿ ಪ್ಲಂಬರ್ 200ರಿಂದ 300 ರೂಪಾಯಿ ಕೇಳುವುದು ಸಾಮಾನ್ಯ. ಹತ್ತು ರೂಪಾಯಿ ವಸ್ತುವಿಗೆ ಮುನ್ನೂರು ರೂಪಾಯಿ ಕೂಲಿಯೇ ಎಂದು ಮನೆಯವರು ಗೊಣಗುತ್ತಾರೆ. ಯೂಟ್ಯೂಬ್ ತೆರೆದರೆ ಐದು ನಿಮಿಷದ ವಿಡಿಯೊ ಸಿದ್ಧ. ನಾವೇ ಯಾಕೆ ಮಾಡಬಾರದು ಎಂಬ ಪ್ರಶ್ನೆ ಏಳುವುದು ಅಲ್ಲೇ.

ಅಮೆರಿಕ, ಬ್ರಿಟನ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಅಲ್ಲಿ ಪ್ಲಂಬರ್ ಒಮ್ಮೆ ಮನೆಗೆ ಬಂದು ಹೋದರೆ ಕೊಡಬೇಕಾದ ಹಣದಲ್ಲಿ ಒಂದು ಒಳ್ಳೆಯ ಟೂಲ್ ಕಿಟ್ಟೇ ಬರುತ್ತದೆ. ಹಾಗಾಗಿ ವಾರಾಂತ್ಯದಲ್ಲಿ ಸ್ಪ್ಯಾನರ್ ಹಿಡಿಯುವುದು ಅಲ್ಲಿನವರಿಗೆ ಹವ್ಯಾಸವೂ ಹೌದು, ಉಳಿತಾಯವೂ ಹೌದು. ಭಾರತದ ಲೆಕ್ಕ ತಿರುವುಮುರುವು. ಇಲ್ಲಿ ಕೂಲಿ ಅಗ್ಗ, ಉಪಕರಣ ದುಬಾರಿ. ಸ್ಕ್ರೂಡ್ರೈವರ್ ಸೆಟ್, ಅಡ್ಜಸ್ಟಬಲ್ ಸ್ಪ್ಯಾನರ್, ಪೈಪ್ ರೆಂಚ್, ಟೆಸ್ಟರ್, ಟೆಫ್ಲಾನ್ ಟೇಪ್ ಎಂದು ಕೊಳ್ಳುತ್ತಾ ಹೋದರೆ 1,200ರಿಂದ 1,500 ರೂಪಾಯಿ ಆಗುತ್ತದೆ. ಗೋಡೆ ಕೊರೆಯುವ ಸಾಧಾರಣ ಡ್ರಿಲ್ ಮಷಿನ್‌ಗೆ ಇನ್ನೂ 2,000ಕ್ಕೆ ಕಡಿಮೆಯಿಲ್ಲ. ಎರಡು ಕರ್ಟನ್ ರಾಡ್ ಹಾಕಿದ ಮೇಲೆ ಆ ಡ್ರಿಲ್ ಅಟ್ಟ ಸೇರುತ್ತದೆ. ಬಾಡಿಗೆ ಮನೆ ಬದಲಿಸುವಾಗ ಸಾಮಾನಿನ ಜೊತೆ ಅದೂ ಊರೂರು ತಿರುಗುತ್ತದೆ.

ಇನ್ನೊಂದು ವಾದವೂ ಆಗಾಗ ಕೇಳಿಬರುತ್ತದೆ. ತಿಂಗಳಿಗೆ 80,000 ರೂಪಾಯಿ ಸಂಬಳ, 200 ಗಂಟೆ ಕೆಲಸ ಎಂದರೆ ಗಂಟೆಗೆ 400 ರೂಪಾಯಿ. ನಲ್ಲಿ ಬಿಚ್ಚಲು ಎರಡು ಗಂಟೆ ಕಳೆದರೆ 800 ರೂಪಾಯಿ ನಷ್ಟ ಎನ್ನುವುದು ಆ ಲೆಕ್ಕ. ಕೇಳಲು ಚೆನ್ನಾಗಿದೆ, ಆದರೆ ಭಾನುವಾರದ ಆ ಎರಡು ಗಂಟೆಗೆ ಯಾವ ಕಂಪನಿಯೂ ಸಂಬಳ ಕೊಡುವುದಿಲ್ಲ. ಸ್ವಂತ ಕೈಯಿಂದ ಕೆಲಸ ಮಾಡುವುದರಲ್ಲಿ ಖುಷಿ ಸಿಗುವವರಿಗೆ ಅದು ನಷ್ಟವಲ್ಲ, ಕಿರಿಕಿರಿ ಎನಿಸುವವರಿಗೆ 300 ರೂಪಾಯಿ ದುಬಾರಿಯಲ್ಲ.

ವಾಸ್ತವದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಹಣ ಸೋರುವುದು ಈ ಮುನ್ನೂರರಲ್ಲಿ ಅಲ್ಲ. ಕೆಟ್ಟಿರುವುದು ಯಾವುದು ಎಂದು ಗೊತ್ತಿಲ್ಲದೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದರಲ್ಲಿ.

ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ

ಬೇಸಿಗೆ ಶುರುವಾಗುತ್ತಿದ್ದಂತೆ ದೆಹಲಿ, ಹೈದರಾಬಾದ್, ಚೆನ್ನೈ ಮನೆಗಳಲ್ಲಿ ಕೇಳಿಬರುವ ಮಾತು 'ಗ್ಯಾಸ್ ಖಾಲಿಯಾಗಿದೆ ಸಾರ್'. ಗ್ಯಾಸ್ ತುಂಬಿಸಲು 2,500ರಿಂದ 3,500 ರೂಪಾಯಿ ಹೋಗುತ್ತದೆ. ಆದರೆ ಎಸಿಯೊಳಗಿನ ಗ್ಯಾಸ್ ಓಡಿದಂತೆಲ್ಲ ಉರಿದು ಮುಗಿಯುವ ಇಂಧನವಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಎಲ್ಲಿ ಎಂದು ಹುಡುಕಿ, ಬೆಸುಗೆ ಹಾಕದೆ ಗ್ಯಾಸ್ ತುಂಬಿದರೆ ತೂತು ಕೊಡಕ್ಕೆ ನೀರು ಹೊಯ್ದಂತೆ. ಮುಂದಿನ ವರ್ಷ ಅದೇ ಮಾತು, ಅದೇ ಬಿಲ್.

ತಂಪು ಕಡಿಮೆಯಾಗಲು ಇದಕ್ಕಿಂತ ಸಾಮಾನ್ಯ ಕಾರಣ ಕೊಳೆ. ಒಳಗಿನ ಫಿಲ್ಟರ್‌ನಲ್ಲಿ ಧೂಳು, ಹೊರಗಿನ ಯೂನಿಟ್‌ನ ಕಾಯಿಲ್‌ನಲ್ಲಿ ಮಣ್ಣು. ಫಿಲ್ಟರ್ ಎಳೆದು ತೆಗೆದು ನಲ್ಲಿ ನೀರಿನಲ್ಲಿ ತೊಳೆದು, ಒಣಗಿಸಿ ಹಾಕಲು ಒಂದು ರೂಪಾಯಿಯೂ ಬೇಡ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಆಮೇಲೂ ತಂಪಾಗದಿದ್ದರೆ ಮೆಕ್ಯಾನಿಕ್ ಬರಲೇಬೇಕು, ಏಕೆಂದರೆ ಈಗಿನ ಹಲವು ಎಸಿಗಳಲ್ಲಿರುವ ಆರ್-32 ಗ್ಯಾಸ್‌ಗೆ ಬೆಂಕಿ ಹೊತ್ತಿಕೊಳ್ಳುವ ಗುಣವೂ ಸ್ವಲ್ಪ ಇದೆ. ಆಗ ಗ್ರಾಹಕರು ಕೇಳಬೇಕಾದದ್ದು ಎರಡೇ. ತುಂಬುವ ಮೊದಲು ಗೇಜ್‌ನಲ್ಲಿ ಒತ್ತಡ ತೋರಿಸಿ, ಮತ್ತು ಸೋರಿಕೆ ಎಲ್ಲಿ ಸಿಕ್ಕಿತು ಹೇಳಿ.

ಫ್ಯಾನ್ ಕಥೆಯೂ ಹೀಗೇ. ಗುಂಯ್‌ಗುಟ್ಟುತ್ತಾ ನಿಧಾನವಾಗಿ ತಿರುಗುವ ಸೀಲಿಂಗ್ ಫ್ಯಾನ್‌ಗೆ 'ಮೋಟಾರ್ ಹೋಗಿದೆ, ರಿವೈಂಡಿಂಗ್ ಮಾಡಿಸಿ' ಎಂಬ ಸಲಹೆ ಬರಬಹುದು. ಬಹಳಷ್ಟು ಸಲ ಸೋತಿರುವುದು ಕೆಪ್ಯಾಸಿಟರ್, ಅಂಗಡಿಯವರ ಬಾಯಲ್ಲಿ ಕಂಡೆನ್ಸರ್. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದ್ದು, ಬೆಲೆ 50ರಿಂದ 100 ರೂಪಾಯಿ. ವಿದ್ಯುತ್ ಪೂರ್ತಿ ಕಡಿತ ಮಾಡಿ ರೆಕ್ಕೆಯನ್ನು ಕೈಯಿಂದ ತಿರುಗಿಸಿದಾಗ ಸಲೀಸಾಗಿ ತಿರುಗಿದರೆ ಮೊದಲ ಅನುಮಾನ ಕೆಪ್ಯಾಸಿಟರ್ ಮೇಲೆ. ಬಿಗಿಯಾಗಿದ್ದರೆ ಬೇರಿಂಗ್. ಸುಟ್ಟ ವಾಸನೆ ಬಂದಿದ್ದರೆ ಮಾತ್ರ ವೈಂಡಿಂಗ್. ಇಷ್ಟು ತಿಳಿದವರ ಎದುರು ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಬೋರ್‌ವೆಲ್‌ನ ಗಡಸು ನೀರು ಬರುವ ಬಡಾವಣೆಗಳಲ್ಲಿ ಗೀಸರ್ ಎಲಿಮೆಂಟ್ ಮೇಲೆ ಸುಣ್ಣದಂತಹ ಪದರ ಕಟ್ಟಿ, ಕೊನೆಗೆ ಎಲಿಮೆಂಟ್ ಒಡೆಯುತ್ತದೆ. ಸ್ವಿಚ್ ಹಾಕಿದೊಡನೆ ಟ್ರಿಪ್ ಆಗುವುದು ಅದರ ಲಕ್ಷಣ. ಟ್ಯಾಂಕ್ ತುಕ್ಕು ಹಿಡಿದು ಸೋರದಿದ್ದರೆ ಹೊಸ ಗೀಸರ್ ಬೇಕಿಲ್ಲ, ಕೆಲವು ನೂರು ರೂಪಾಯಿಯ ಎಲಿಮೆಂಟ್ ಸಾಕು. ಟ್ರಿಪ್ ಆಗುತ್ತದೆ ಎಂದು 16 ಆಂಪಿಯರ್ ಎಂಸಿಬಿ ತೆಗೆದು 32ರದ್ದು ಹಾಕಿ ಹೋಗುವ ಮಹನೀಯರೂ ಇದ್ದಾರೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಕಾಯಲು. ವೈರ್ ಹಳೆಯದೇ ಇದ್ದು ಎಂಸಿಬಿ ದೊಡ್ಡದಾದರೆ ಮೊದಲು ಸುಡುವುದು ವೈರ್.

ಕೈ ಹಾಕಬಾರದ ಜಾಗ

ಹಾಗಾದರೆ ಸ್ವಂತವಾಗಿ ಎಲ್ಲಿಯವರೆಗೆ ಮಾಡಬಹುದು? ವಿದ್ಯುತ್ ವಿಷಯದಲ್ಲಿ ಈ ಗೆರೆಯನ್ನು ಕಾನೂನೇ ಎಳೆದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್‌ನಂಥವನ್ನು ಅದೇ ಸಾಮರ್ಥ್ಯದ ಇನ್ನೊಂದಕ್ಕೆ ಬದಲಿಸುವುದಕ್ಕೆ ವಿನಾಯಿತಿ ಇದೆ. ಅದರಾಚೆಗಿನ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕು. ಸ್ವಿಚ್ ಬದಲಿಸುವಾಗಲೂ ಆ ಒಂದು ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಇಳಿಸಬೇಕು. ಹಳೆಯ ಕಟ್ಟಡಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ತಂತಿಯಲ್ಲಿ ಕರೆಂಟ್ ಇರುತ್ತದೆ. ಸೋರಿಕೆ ಕರೆಂಟ್ 30 ಮಿಲಿ ಆಂಪಿಯರ್ ಆಗುವಷ್ಟರಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ, ಎಲೆಕ್ಟ್ರಿಷಿಯನ್‌ಗೆ ಕೊಡುವ ಹಣದಲ್ಲಿ ಅದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಅಡುಗೆ ಅನಿಲದ ಪೈಪ್, ರೆಗ್ಯುಲೇಟರ್‌ಗಂತೂ ಪ್ರಯೋಗ ಬೇಡವೇ ಬೇಡ. ಎಲ್‌ಪಿಜಿ ಸೋರಿಕೆಗೆ 1906 ಸಹಾಯವಾಣಿ ಇದೆ.

ಗೋಡೆಯೊಳಗೆ ಹುದುಗಿದ ಪೈಪ್‌ಗಳದ್ದು ಬೇರೆಯೇ ಸಂಕಟ. ಮುಂಬೈ, ಪುಣೆ ಫ್ಲ್ಯಾಟ್‌ಗಳಲ್ಲಿ ಮೇಲಿನ ಮನೆಯ ಬಚ್ಚಲು ಸೋರಿ ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುವುದು ಸೊಸೈಟಿಗಳ ನಿತ್ಯದ ಜಗಳ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳಂತೆ ಟೆರೇಸ್‌ನಿಂದ, ಮಳೆಯಿಂದ ಆಗುವ ಸೋರಿಕೆಯ ಖರ್ಚು ಸೊಸೈಟಿಯದ್ದು. ಶೌಚಾಲಯ, ಸಿಂಕ್‌ನಿಂದ ಆಗುವ ಒಳಸೋರಿಕೆಯ ಖರ್ಚು ಸಂಬಂಧಪಟ್ಟ ಫ್ಲ್ಯಾಟ್‌ನವರದ್ದು. ಟೈಲ್ಸ್ ಒಡೆದು ನೋಡುವ ಮೊದಲು ಯಾರ ಪಾಲು ಎಂದು ಬರೆಸಿಕೊಳ್ಳುವುದು ಒಳಿತು.

ಬಾಡಿಗೆದಾರರಾದರೆ?

ಕೆಲಸಕ್ಕೆಂದು ಊರು ಬಿಟ್ಟು ಬಂದ ಕನ್ನಡಿಗರಲ್ಲಿ ಅನೇಕರು ಬಾಡಿಗೆ ಮನೆಗಳಲ್ಲಿದ್ದಾರೆ. ಅವರ ಮಟ್ಟಿಗೆ ಮೊದಲ ಪ್ರಶ್ನೆ ಪ್ಲಂಬರ್ ಬೇಕೋ ಬೇಡವೋ ಎಂಬುದಲ್ಲ, ಹಣ ಯಾರು ಕೊಡಬೇಕು ಎಂಬುದು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಪಾಲನ್ನು ಪಟ್ಟಿ ಮಾಡಿದೆ. ಗೋಡೆಗೆ ಬಣ್ಣ, ಕಟ್ಟಡದ ದುರಸ್ತಿ, ಪೈಪ್ ಬದಲಾವಣೆ, ವೈರಿಂಗ್ ಮಾಲೀಕರ ಹೊಣೆ. ನಲ್ಲಿ ಮತ್ತು ಅದರ ವಾಷರ್, ಚರಂಡಿ ಕೊಳವೆ ಸ್ವಚ್ಛಗೊಳಿಸುವುದು, ಗೀಸರ್, ಸ್ವಿಚ್, ಸಾಕೆಟ್, ಬೀಗ ಬಾಡಿಗೆದಾರರ ಹೊಣೆ. ಹತ್ತು ರೂಪಾಯಿಯ ವಾಷರ್ ಕೂಡ ಕಾಯ್ದೆಯ ಕಣ್ಣಿಗೆ ಬಿದ್ದಿದೆ!

ಇದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಅನ್ವಯ. ತಮಿಳುನಾಡಿನಲ್ಲಿ 2017ರದ್ದೇ ಪ್ರತ್ಯೇಕ ಕಾಯ್ದೆ ಇದೆ. ಮಹಾರಾಷ್ಟ್ರದಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ಮುಖ್ಯ. 11 ತಿಂಗಳ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ರಿಪೇರಿಯ ಸಾಲುಗಳನ್ನು ಓದಿದರೆ, ಮನೆ ಬಿಡುವಾಗ ಡಿಪಾಸಿಟ್‌ನಿಂದ ಕಡಿತವಾಗುವ ಮೊತ್ತದ ಬಗ್ಗೆ ಜಗಳ ತಪ್ಪುತ್ತದೆ.

ಆ್ಯಪ್ ಬಂತು, ಮೇಸ್ತ್ರಿ ಎಲ್ಲಿ?

2014ರಲ್ಲಿ ಅರ್ಬನ್‌ಕ್ಲ್ಯಾಪ್ ಹೆಸರಿನಲ್ಲಿ ಶುರುವಾಗಿ 2020ರಲ್ಲಿ ಹೆಸರು ಬದಲಿಸಿಕೊಂಡ ಅರ್ಬನ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಗೂ ಬಂತು. ಮನೆ ರಿಪೇರಿ ಈಗ ಹೂಡಿಕೆದಾರರ ವ್ಯವಹಾರ. ಇಂಥ ಆ್ಯಪ್‌ಗಳಿಂದ ಗ್ರಾಹಕರಿಗೆ ಸಿಕ್ಕ ದೊಡ್ಡ ಲಾಭ ದರಪಟ್ಟಿ. ಯಾವ ಕೆಲಸಕ್ಕೆ ಎಷ್ಟು ಎಂದು ಮೊದಲೇ ಕಾಣುತ್ತದೆ, ಕೆಲಸ ಕೆಟ್ಟರೆ ದೂರು ಕೊಡಲು ಜಾಗವಿದೆ. ಅಲ್ಲಿ ಬುಕ್ ಮಾಡದಿದ್ದರೂ ಬೀದಿಯ ಮೇಸ್ತ್ರಿ ಜೊತೆ ಮಾತಾಡುವಾಗ ಆ ಪಟ್ಟಿ ಅಳತೆಗೋಲಾಗುತ್ತದೆ. ಬಿಲ್‌ನಲ್ಲಿ ತೆರಿಗೆ, ಕಂಪನಿಯ ಪಾಲು ಸೇರಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ಮೀರದ ಬಿಡಿ ಮೇಸ್ತ್ರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ಆ ಮುನ್ನೂರು ರೂಪಾಯಿಯನ್ನು ಮೇಸ್ತ್ರಿಯ ಕಡೆಯಿಂದಲೂ ನೋಡಬೇಕು. ನಲ್ಲಿಯ ಕೆಲಸ ಹದಿನೈದು ನಿಮಿಷದ್ದು, ನಿಜ. ಬರಲು ಮುಕ್ಕಾಲು ಗಂಟೆ, ಸೊಸೈಟಿ ಗೇಟಿನಲ್ಲಿ ಹೆಸರು ಬರೆಸಿ ಕಾಯುವುದು, ವಾಷರ್ ತರಲು ಅಂಗಡಿಗೆ ಹೋಗಿ ಬರುವುದು ಯಾವ ಬಿಲ್‌ನಲ್ಲೂ ಇರುವುದಿಲ್ಲ. ದಿನಕ್ಕೆ ನಾಲ್ಕು ಮನೆ ಸಿಕ್ಕಿದರೆ 1,200 ರೂಪಾಯಿ, ತಿಂಗಳಿಗೆ 25 ದಿನ ಹಾಗೆಯೇ ನಡೆದರೆ 30,000. ಅದರಲ್ಲಿ ಪೆಟ್ರೋಲ್, ಉಪಕರಣ, ಊರಿಗೆ ಕಳಿಸುವ ಹಣ ಎಲ್ಲ ಆಗಬೇಕು. ನಾಲ್ಕು ಮನೆ ಸಿಗದ ದಿನಗಳೂ ಇರುತ್ತವೆ.

ದೇಶದ ನಗರಗಳಲ್ಲಿ ಪ್ಲಂಬಿಂಗ್ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯವರು. ತಲೆಮಾರುಗಳಿಂದ ಬಂದ ಈ ಕಸುಬಿಗಾಗಿಯೇ ಅಲ್ಲಿನ ಪಟ್ಟಾಮುಂಡೈಯಲ್ಲಿ ಸರ್ಕಾರಿ ಪ್ಲಂಬಿಂಗ್ ತರಬೇತಿ ಸಂಸ್ಥೆಯಿದೆ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಗಾರೆ ಕೆಲಸದವರು, ಬೀಗ ಮಾಡುವವರು ಇದ್ದಾರೆ, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಇಲ್ಲ. ಸಾಂಪ್ರದಾಯಿಕ ಕಸುಬುಗಳ ಯೋಜನೆ ಎಂಬುದು ಸರಿಯೇ. ಆದರೂ ಉಪಕರಣಕ್ಕೆ ಸಿಗುವ 15,000 ರೂಪಾಯಿ ನೆರವು ದಿನಬೆಳಗಾದರೆ ಉಪಕರಣದ ಚೀಲ ಹೊತ್ತು ಓಡಾಡುವ ಈ ಇಬ್ಬರಿಗೆ ಸಿಗುತ್ತಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಗಿಗ್ ಕಾರ್ಮಿಕರ ನಿಧಿಗೆ ಕೊಡಬೇಕು ಎನ್ನುತ್ತದೆ. ಕರ್ನಾಟಕವೂ 2025ರಲ್ಲಿ ಸ್ವಂತ ಕಾಯ್ದೆ ತಂದು ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಮಾಡಿಕೊಂಡಿದೆ. ಇವೆರಡರ ಲಾಭ ಆ್ಯಪ್ ಮೂಲಕ ಬರುವವರಿಗೆ. ವಾಚ್‌ಮನ್ ಕೊಟ್ಟ ನಂಬರಿಗೆ ಫೋನ್ ಮಾಡಿದಾಗ ಬರುವ ಪ್ಲಂಬರ್ ಹೆಸರಿನಲ್ಲಿ ಹಣ ಕಟ್ಟಲು ಯಾವ ಕಂಪನಿಯೂ ಇಲ್ಲ. ಅವರಿಗಿರುವುದು 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ, ಅದನ್ನೂ ಅವರೇ ಮಾಡಿಕೊಳ್ಳಬೇಕು.