ಚೀನಾದ ದೊರೆಗೆಂದು ಹೊರಟ ಸರಪಳಿ

ರಾಮಮೂರ್ತಿ ನಗರದಲ್ಲಿ ಮೂವತ್ತು–ನಲವತ್ತರ ಸೈಟು ಕೊಳ್ಳಲು ಬಂದವರು ಮೊದಲು ವಿಚಾರಿಸುವುದು ಸರ್ವೆ ನಂಬರು, ಆಮೇಲೆ ಖಾತೆ, ಕಡೆಗೆ ಚೆಕ್ಕುಬಂದಿ. ಪೂರ್ವಕ್ಕೆ ಯಾರ ಸ್ವತ್ತು, ಪಶ್ಚಿಮಕ್ಕೆ ಎಷ್ಟು ಅಡಿಯ ರಸ್ತೆ ಎಂಬುದೆಲ್ಲ ಕ್ರಯಪತ್ರದಲ್ಲಿ ಸ್ಪಷ್ಟವಾಗಿರಬೇಕು. ಬಾಣಸವಾಡಿ, ಹೊರಮಾವು, ಕಲ್ಕೆರೆ, ಕೆ.ಆರ್. ಪುರಗಳ ನಡುವಿನ ಹೊಲಗದ್ದೆಗಳು ಬಡಾವಣೆಗಳಾಗಿ ಬದಲಾದದ್ದು ಇಂಥ ಕಾಗದಗಳ ಮೂಲಕವೇ. ನೆಲದ ಲೆಕ್ಕ ಇಡುವ ಈ ಶ್ರದ್ಧೆ ಕನ್ನಡ ನಾಡಿಗೆ ಹಳೆಯದು. ದಾನಶಾಸನಗಳು ಇಷ್ಟು ಖಂಡುಗ ಬಿತ್ತುವ ಭೂಮಿ ಎಂದು, ಬೀಜದ ಅಳತೆಯಲ್ಲೇ ಹೊಲವನ್ನು ಗುರುತಿಸುತ್ತಿದ್ದವು. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಣಿತಕ್ಕೆ ಜಾಗ ಕೊಟ್ಟ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಗ್ರಂಥಗಳನ್ನು ಬರೆದ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಜಮೀನಿನ ಫಲವತ್ತತೆ ನೋಡಿ ಕಂದಾಯ ಕಟ್ಟುವ ‘ಶಿಸ್ತು’ ಜಾರಿಗೆ ತಂದ.

1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ನಡೆದ ಅಳತೆ ಬೇರೆ ಜಾತಿಯದು. ಅಲ್ಲಿ ಅಳೆಯಹೊರಟದ್ದು ಯಾರದೋ ಹೊಲವನ್ನಲ್ಲ, ಭೂಮಿಯನ್ನೇ.

ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಆ ವರ್ಷ ಅಕ್ಟೋಬರ್ ಮಧ್ಯದಲ್ಲಿ ಕೆಲಸ ಶುರು ಮಾಡಿ ಡಿಸೆಂಬರ್ 10ರ ಹೊತ್ತಿಗೆ ಏಳೂವರೆ ಮೈಲಿಗೆ ತುಸು ಕಡಿಮೆಯಾದ ಒಂದು ನೇರ ಗೆರೆಯನ್ನು ಅಳೆದು ಮುಗಿಸಿದ. ಇದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ತ್ರಿಕೋನದ ಒಂದು ಬದಿಯ ಉದ್ದ ಖಚಿತವಾಗಿ ಗೊತ್ತಿದ್ದರೆ, ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದು ಉಳಿದೆರಡು ಬದಿಗಳ ಉದ್ದವನ್ನು ಲೆಕ್ಕದಿಂದಲೇ ತೆಗೆಯಬಹುದು. ಆ ಬದಿಗಳ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಸಾಗಿದರೆ ನೆಲದ ಮೇಲೆ ಸರಪಳಿ ಎಳೆಯದೆಯೇ ಇಡೀ ದೇಶವನ್ನು ಅಳೆಯಬಹುದು. ಆದರೆ ಮೊದಲ ಗೆರೆಯಲ್ಲಿ ಕೂದಲೆಳೆಯ ತಪ್ಪು ನುಸುಳಿದರೂ ಅದು ಮುಂದಿನ ಎಲ್ಲ ತ್ರಿಕೋನಗಳಿಗೂ ಹರಡುತ್ತದೆ. ಆದ್ದರಿಂದ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಮಟ್ಟ ನೋಡಿ, ಬಿಸಿಲಿಗೆ ಉಕ್ಕು ಹಿಗ್ಗುವುದನ್ನು ತಾಪಮಾಪಕದಿಂದ ಗುರುತಿಸಿ, ನೂರು ನೂರು ಅಡಿಯಾಗಿ ಮುಂದೆ ಸರಿಸಬೇಕಿತ್ತು.

ಆ ಸರಪಳಿಯ ಪ್ರಯಾಣವೇ ಒಂದು ಕಾಲದ ವಿಶ್ವಚರಿತ್ರೆ.

ಎರಡೂವರೆ ಅಡಿಯ ನಲವತ್ತು ಉಕ್ಕಿನ ಸರಳುಗಳನ್ನು ಜೋಡಿಸಿದ ಆ ಸರಪಳಿಯನ್ನು ತಯಾರಿಸಿದವನು ಲಂಡನ್ನಿನ ಪ್ರಸಿದ್ಧ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್. ಅದು ಹೊರಟದ್ದು ಬೆಂಗಳೂರಿಗಲ್ಲ, ಚೀನಾಕ್ಕೆ. 1793ರಲ್ಲಿ ಲಾರ್ಡ್ ಮೆಕಾರ್ಟ್ನಿ ಬ್ರಿಟನ್ನಿನ ದೂತನಾಗಿ ಚಕ್ರವರ್ತಿ ಚಿಯನ್‌ಲಾಂಗ್‌ನ ಆಸ್ಥಾನಕ್ಕೆ ಹೋದಾಗ ಒಯ್ದ ಉಡುಗೊರೆಗಳಲ್ಲಿ ಇದೂ ಸೇರಿತ್ತು. ಬ್ರಿಟಿಷರ ವ್ಯಾಪಾರದ ಬೇಡಿಕೆಗಳನ್ನು ಚಕ್ರವರ್ತಿ ತಳ್ಳಿಹಾಕಿದ. ಇಂಥ ಸಾಮಾನುಗಳು ತನ್ನ ಸಾಮ್ರಾಜ್ಯಕ್ಕೆ ಬೇಕಿಲ್ಲ ಎಂದ. ದೂತಮಂಡಲಿಯ ಜೊತೆಗಿದ್ದ ವಿಜ್ಞಾನಿ ಡಿನ್‌ವಿಡ್ಡಿಯ ಮೂಲಕ ಸರಪಳಿ ಕಲ್ಕತ್ತಾಕ್ಕೆ ಬಂತು, ಅಲ್ಲಿಂದ ಲ್ಯಾಂಬ್ಟನ್‌ನ ಕೈ ಸೇರಿತು. ಮೆಕಾರ್ಟ್ನಿಯ ಹೆಸರು ಕರ್ನಾಟಕಕ್ಕೆ ಅಪರಿಚಿತವೇನಲ್ಲ: 1784ರಲ್ಲಿ ಟಿಪ್ಪುವಿನೊಡನೆ ಮಂಗಳೂರು ಒಪ್ಪಂದವಾದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಅವನೇ.

ಅಳೆಯಲು ಬಂದವರ ಹಾದಿಯೂ ಇಷ್ಟೇ ಸುತ್ತಿನದು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಗೂ ಫ್ರೆಂಚರಿಗೂ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಹತ್ತು ವರ್ಷಗಳ ಬಳಿಕ ಕೋಲಾರ, ಹೊಸಕೋಟೆಗಳನ್ನು ಹಿಡಿದು ಪೂರ್ವದ ಕಡೆಯಿಂದ ಬೆಂಗಳೂರಿಗೆ ಬಂದ. 1791ರ ಮಾರ್ಚ್‌ನಲ್ಲಿ ಪೇಟೆಯೂ ಕೋಟೆಯೂ ಅವನ ವಶವಾದವು. ಅಮೆರಿಕದಲ್ಲಿ ಕಳೆದುಕೊಂಡ ಸಾಮ್ರಾಜ್ಯವನ್ನು ಬ್ರಿಟನ್ ಏಷ್ಯಾದಲ್ಲಿ ತುಂಬಿಕೊಳ್ಳತೊಡಗಿತ್ತು. ಲ್ಯಾಂಬ್ಟನ್ ಇದ್ದ 33ನೇ ರೆಜಿಮೆಂಟಿಗೆ ಕಾರ್ನ್‌ವಾಲಿಸ್‌ನೇ ಕರ್ನಲ್. ಉತ್ತರ ಅಮೆರಿಕದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ವರ್ಷಗಟ್ಟಲೆ ಬ್ಯಾರಕ್ಕುಗಳ ಉಸ್ತುವಾರಿ ನೋಡಿಕೊಂಡು ಗಣಿತ ಓದಿಕೊಂಡಿದ್ದ ಲ್ಯಾಂಬ್ಟನ್ 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದ. ರಾತ್ರಿಯ ಕಾರ್ಯಾಚರಣೆಯೊಂದರಲ್ಲಿ ಜನರಲ್ ಬೇರ್ಡ್‌ನ ತುಕಡಿ ದಾರಿ ತಪ್ಪಿ ಟಿಪ್ಪುವಿನ ಪಾಳೆಯದತ್ತ ಸಾಗುತ್ತಿದ್ದಾಗ, ನಕ್ಷತ್ರಗಳನ್ನು ನೋಡಿ ದಿಕ್ಕು ತಪ್ಪಿದೆ ಎಂದು ಎಚ್ಚರಿಸಿದವನು ಇವನು.

1804ರಲ್ಲಿ ಇನ್ನೊಮ್ಮೆ ಬೆಂಗಳೂರಿನಲ್ಲಿ ಬೇಸ್‌ಲೈನ್ ಅಳೆದವನು ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರನ್. ಐರಿಷ್ ಮೂಲದ ಫ್ರೆಂಚ್ ಕುಲೀನ ಮನೆತನದ ಈತ ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ತಾಯ್ನಾಡಿನಿಂದ ದೂರವಾಗಿ ಬ್ರಿಟಿಷ್ ಸೇನೆ ಸೇರಿದ್ದ. ಅವನು ತೊರೆದು ಬಂದ ದೇಶವೂ ಆಗ ಅಳತೆಯಲ್ಲೇ ಮುಳುಗಿತ್ತು. ಡಂಕರ್ಕ್‌ನಿಂದ ಬಾರ್ಸಿಲೋನಾವರೆಗಿನ ರೇಖಾಂಶವನ್ನು ಡೆಲಾಂಬ್ರ್ ಮತ್ತು ಮೆಶೆಂ 1792ರಿಂದ 1798ರವರೆಗೆ ಅಳೆದರು. ಆ ಅಳತೆಯಿಂದ ಮೀಟರ್ ಹುಟ್ಟಿತು. ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ನಡೆದೇ ಇತ್ತು. ಲ್ಯಾಂಬ್ಟನ್‌ಗೆಂದು ಲಂಡನ್ನಿನಿಂದ ಹೊರಟ ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಫ್ರೆಂಚರು ಸಮುದ್ರದಲ್ಲಿ ಹಡಗಿನ ಸಮೇತ ಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಉಪಕರಣವೆಂದು ತಿಳಿದ ಅಲ್ಲಿನ ಫ್ರೆಂಚ್ ಗವರ್ನರ್ ಸೌಜನ್ಯದ ಪತ್ರದೊಂದಿಗೆ ಅದನ್ನು ಮದ್ರಾಸಿಗೆ ಕಳಿಸಿಕೊಟ್ಟ.

ಪಾಠಪುಸ್ತಕಗಳಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ, ಫ್ರಾನ್ಸಿನ ಕ್ರಾಂತಿ, ಚೀನಾದ ಚಿಂಗ್ ಸಾಮ್ರಾಜ್ಯ, ಮೈಸೂರು ಯುದ್ಧಗಳು ಬೇರೆ ಬೇರೆ ಅಧ್ಯಾಯಗಳು. ಒಂದನ್ನು ಓದಿ ಮುಗಿಸಿ, ಪರೀಕ್ಷೆ ಬರೆದು, ಇನ್ನೊಂದಕ್ಕೆ ಹೋಗುತ್ತೇವೆ. ಆದರೆ ಬೆಂಗಳೂರಿನ ಬಯಲಿನಲ್ಲಿ ಈ ನಾಲ್ಕೂ ಐದೇ ವರ್ಷಗಳ ಒಳಗೆ ಒಂದೇ ಕೆಲಸದಲ್ಲಿ ಕೂಡಿಕೊಂಡವು. ಚರಿತ್ರೆಯನ್ನು ಕಲಿಸಬೇಕಾದದ್ದು ಈ ಕೂಡುವ ಜಾಗಗಳಿಂದ.

ಭೂಮಿಯನ್ನು ಅಳೆಯುವ ಆಸೆ ಯೂರೋಪಿನ ಸೊತ್ತೇನೂ ಆಗಿರಲಿಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಎರಟೋಸ್ಥೆನೀಸ್ ಈಜಿಪ್ಟಿನ ಎರಡು ಊರುಗಳ ನಡುಹಗಲ ನೆರಳಿನಿಂದ ಭೂಮಿಯ ಸುತ್ತಳತೆ ತೆಗೆದ. ತಾಂಗ್ ಚೀನಾದಲ್ಲಿ ಬೌದ್ಧ ಭಿಕ್ಷು ಯಿ ಶಿಂಗ್ 724ರ ಹೊತ್ತಿಗೆ ಉತ್ತರ–ದಕ್ಷಿಣವಾಗಿ ಸಾಲು ಜಾಗಗಳಲ್ಲಿ ನೆರಳು ಅಳೆಸಿದ. 9ನೇ ಶತಮಾನದಲ್ಲಿ ಬಾಗ್ದಾದಿನ ಖಲೀಫ ಅಲ್ ಮಾಮೂನ್ ತನ್ನ ಖಗೋಳಜ್ಞರನ್ನು ಸಿಂಜಾರ್ ಬಯಲಿಗೆ ಕಳಿಸಿ ಒಂದು ಡಿಗ್ರಿಯ ಉದ್ದ ಅಳೆಸಿದ. 11ನೇ ಶತಮಾನದಲ್ಲಿ ಅಲ್ ಬಿರೂನಿ ಪಂಜಾಬಿನ ನಂದನಾ ಕೋಟೆಯ ಬಳಿಯ ಬೆಟ್ಟವೊಂದರ ಎತ್ತರದಿಂದ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ. ಈ ಸಾಲಿನಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ಗೆರೆಯಿಂದ ತ್ರಿಕೋನಗಳನ್ನು ಹೆಣೆದುಕೊಂಡು ಬಂದು ಬೆಂಗಳೂರಿನ ಗೆರೆಯ ಉದ್ದವನ್ನು ಲೆಕ್ಕದಿಂದ ತೆಗೆದಾಗ, ಅದಕ್ಕೂ ವಾರನ್ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ 3.7 ಅಂಗುಲ ಮಾತ್ರ. ಲ್ಯಾಂಬ್ಟನ್ 1823ರಲ್ಲಿ ಹಿಂಗನ್‌ಘಾಟ್‌ನಲ್ಲಿ ಸತ್ತ. ಅವನ ತ್ರಿಕೋನಗಳು ಮುಂದೆ ಹಿಮಾಲಯ ಮುಟ್ಟಿದವು. ಸರ್ವೆಯ ಪಟ್ಟಿಯ ಹದಿನೈದನೆಯ ಶಿಖರವೇ ಜಗತ್ತಿನಲ್ಲಿ ಎತ್ತರದ್ದೆಂಬ ಲೆಕ್ಕವನ್ನು ರಾಧಾನಾಥ ಸಿಕ್ದಾರ್ ಮಾಡಿದರು. ಅದಕ್ಕೆ ಎವರೆಸ್ಟ್ ಎಂದು ಹೆಸರಾಯಿತು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಟಿಪ್ಪು ಸತ್ತ ಮರುವರ್ಷವೇ ಈ ಕೆಲಸ ಶುರುವಾದದ್ದು ಆಕಸ್ಮಿಕವಲ್ಲ. ಗೆದ್ದ ನಾಡನ್ನು ಅರಿಯದೆ ಆಳಲಾಗದು ಎಂದು ಈಸ್ಟ್ ಇಂಡಿಯಾ ಕಂಪನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಕಾಲಿನ್ ಮೆಕೆಂಜಿ ಮೈಸೂರಿನ ನಕ್ಷೆ ಬರೆಸುತ್ತಿದ್ದ. ಫ್ರಾನ್ಸಿಸ್ ಬುಕನನ್ ಬೆಳೆ, ಕಸುಬು, ಜಾತಿಗಳ ವಿವರ ಬರೆದುಕೊಳ್ಳುತ್ತ ಊರೂರು ಸುತ್ತುತ್ತಿದ್ದ. ಮೆಕೆಂಜಿಯ ಕೆಲಸ ನಿಂತದ್ದು ಕಾವಲಿ ಬೊರಯ್ಯನಂಥ ಸ್ಥಳೀಯ ವಿದ್ವಾಂಸರ ಮೇಲೆ. ಕನಕಗಿರಿಯ ಮಲೆಯೂರಿನ ದೇವಚಂದ್ರ ‘ರಾಜಾವಳಿ ಕಥೆ’ ಬರೆದುದರ ಹಿಂದೆಯೂ ಮೆಕೆಂಜಿಯ ಭೇಟಿಯಿದೆ. ಆದರೆ ಸರಪಳಿ ಹೊತ್ತವರು, ಗೂಟ ನೆಟ್ಟವರು, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ನಿಂತವರ ಹೆಸರು ನಮ್ಮ ಪಾಠಗಳಲ್ಲಿ ಎಲ್ಲೂ ಇಲ್ಲ. ಬಿಸಿಲು, ಜ್ವರಗಳನ್ನು ಉಂಡು 3.7 ಅಂಗುಲದ ಖಚಿತತೆಯನ್ನು ಸಾಧ್ಯ ಮಾಡಿದವರಲ್ಲಿ ಅವರೂ ಇದ್ದರು.

ವಾರನ್‌ನ ಕತೆಗೆ ಇನ್ನೊಂದು ಕವಲಿದೆ. 1802ರಲ್ಲಿ ಮೈಸೂರಿನ ಪೂರ್ವ ಗಡಿ ಗುರುತಿಸುತ್ತಿದ್ದಾಗ ಅವನಿಗೆ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವ ಸುದ್ದಿ ತಿಳಿಯಿತು. ಅವನು ಬರೆದಿಟ್ಟ ವರದಿ ಮುಂದೆ ಕೋಲಾರದ ಚಿನ್ನದ ಗಣಿಗಳಿಗೆ ದಾರಿ ತೋರಿಸಿತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಬಂಗಾರಪೇಟೆ ಮಾರ್ಗದ ರೈಲು ಹಿಡಿದು ದುಡಿಯಲು ಬೆಂಗಳೂರಿಗೆ ಬರುತ್ತಾರೆ. ಅವರಲ್ಲಿ ಅನೇಕರು ಇಳಿಯುವುದು ರಾಮಮೂರ್ತಿ ನಗರದ ಪಕ್ಕದ ಕೆ.ಆರ್. ಪುರ ನಿಲ್ದಾಣದಲ್ಲಿ.

1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಬೇಸ್‌ಲೈನ್ ಅಳೆದಾಗ ಅದರ ಒಂದು ತುದಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿತ್ತು, ಇನ್ನೊಂದು ಮೇಖ್ರಿ ವೃತ್ತದ ಬಳಿ. ಕಣ್ಣೂರು ರಾಮಮೂರ್ತಿ ನಗರಕ್ಕೆ ದೂರವಲ್ಲ. ಇಲ್ಲಿನ ಶಾಲೆಗಳು ಎಂಟು–ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ದಿನ ಆ ಗೆರೆಯ ಜಾಡಿನಲ್ಲಿ ಕರೆದೊಯ್ಯಬಹುದು. ಗಣಿತದ ಮೇಷ್ಟ್ರು ತ್ರಿಕೋನಮಿತಿಯನ್ನೂ ಸಮಾಜವಿಜ್ಞಾನದ ಮೇಷ್ಟ್ರು ಯಾರ್ಕ್‌ಟೌನ್, ಪೀಕಿಂಗ್, ಪ್ಯಾರಿಸ್‌ಗಳನ್ನೂ ಅಲ್ಲೇ ಪಾಠ ಮಾಡಬಹುದು. ಎರಡೂ ತುದಿಗಳಲ್ಲಿ ಕನ್ನಡದ ಫಲಕ ಹಾಕಿಸುವುದು, ಆ ಜಾಗ ಮತ್ತೊಂದು ಲೇಔಟಿನ ಪಾಲಾಗದಂತೆ ಸಂರಕ್ಷಿತ ಪಟ್ಟಿಗೆ ಸೇರಿಸುವುದು ಪುರಾತತ್ವ ಇಲಾಖೆಗೂ ನಗರಾಡಳಿತಕ್ಕೂ ಹೊರೆಯಾಗುವ ಕೆಲಸವಲ್ಲ.