ಓದಲಾಗದ ಕಡತಕ್ಕೆ ಸಹಿ ಹಾಕುವ ಮುನ್ನ

ಭ್ರಷ್ಟಾಚಾರ ನಿಗ್ರಹವು ವಿಜಿಲೆನ್ಸ್‌ನ ಹೊಣೆಯಷ್ಟೇ ಎಂದು ಕಾಸರಗೋಡಿನ ಕನ್ನಡಿಗರಾದ ನಾವು ಸುಮ್ಮನಿರುವಂತಿಲ್ಲ. ಮಲಯಾಳದಲ್ಲಷ್ಟೇ ಇರುವ ಅರ್ಜಿ, ಆದೇಶಗಳನ್ನು ಓದಲಾಗದವರು ಮಧ್ಯವರ್ತಿಯ ಮೊರೆಹೋಗುತ್ತಾರೆ. ಲಂಚಕ್ಕೆ ದಾರಿಯಾಗುವುದು ಅಲ್ಲಿಯೇ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನಮಗಿತ್ತಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ನೀಡಬೇಕು; ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಆದರೆ ಕೇಳುವವರೆಷ್ಟು ಮಂದಿ? ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವ ಹೊತ್ತಿಗೆ ಹಲವರು ಹಾಜರಿಗೆ ಸಹಿ ಹಾಕಿ ಮನೆ ಸೇರಿರುತ್ತಾರೆ. ಒಬ್ಬರೇ ಪ್ರಶ್ನಿಸಿದರೆ ‘ತಕರಾರಿನವರು’ ಎಂಬ ಹೆಸರು ಬೀಳುತ್ತದೆ (ಇದು ನಮ್ಮೂರಿನ ಹಳೆಯ ರೋಗ). ಹತ್ತು ಮಂದಿ ಹೆತ್ತವರು ಒಟ್ಟಾಗಿ ಕೇಳಿದರೆ ಹಾಗೆ ತಳ್ಳಿಹಾಕುವುದು ಸುಲಭವಲ್ಲ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಧ್ಯಾಹ್ನದೂಟದ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳೋಣ.